ಗಡಿನಾಡಿನ ಪಿಎಚ್‌ಡಿಗೆ ಯಾವ ವಿಧಾನ?

ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿದ ನಮ್ಮ ಕಡೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದವರೇ ಜಾಸ್ತಿ. ವಿಷಯ ಸಿಕ್ಕಿರುತ್ತದೆ, ಊರೂ ಗೊತ್ತಾಗಿರುತ್ತದೆ. ತಲೆಬಿಸಿ ಇರುವುದು ವಿಧಾನದ ಅಧ್ಯಾಯದಲ್ಲಿ. "ಪ್ರಶ್ನಾವಳಿ, ಸಂದರ್ಶನ ಅಂತ ಬರೆದರೆ ಗೈಡ್ ಮುಖ ಸಿಂಡರಿಸುತ್ತಾರೆ. ಹೊಸ ಮೆಥಡ್ ಏನಾದರೂ ಇದ್ದರೆ ಹೇಳಿ" ಅನ್ನುತ್ತಾರೆ.

ಹೊಸದಕ್ಕೇನೂ ಬರ ಇಲ್ಲ. ನಡೆಯುತ್ತಾ ಸಂದರ್ಶನ ಮಾಡುವುದಿದೆ. ಜನರ ಕೈಗೇ ಕ್ಯಾಮೆರಾ ಕೊಡುವುದಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೂತು ಮಾಡುವ ಡಿಜಿಟಲ್ ಜನಾಂಗ ಅಧ್ಯಯನ (ಜನರ ನಡುವೆಯೇ ಇದ್ದು ನೋಡಿ, ಕೇಳಿ ಬರೆಯುವ ಎಥ್ನೊಗ್ರಫಿ) ಇದೆ. ಲಕ್ಷಗಟ್ಟಲೆ ಪೋಸ್ಟ್‌ಗಳನ್ನು ಕಂಪ್ಯೂಟರ್‌ಗೆ ತಿನ್ನಿಸಿ ವಿಷಯಗಳನ್ನು ಹೆಕ್ಕುವುದಿದೆ. ಈಗಂತೂ ಸಂದರ್ಶನದ ರೆಕಾರ್ಡಿಂಗನ್ನು ಎಐ ಕೈಯಲ್ಲಿ ಅಕ್ಷರಕ್ಕೆ ಇಳಿಸಿ, ಅದರಿಂದಲೇ ಕೋಡಿಂಗ್ (ಯಾವ ಮಾತು ಯಾವ ವಿಷಯಕ್ಕೆ ಸೇರಿದ್ದು ಎಂದು ಗುರುತು ಹಾಕುವುದು) ಮಾಡಿಸುವವರೂ ಇದ್ದಾರೆ. ಇವುಗಳಲ್ಲಿ ಯಾವುದರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಫೋನ್ ಮಾಡಿದವರಿಗೆಲ್ಲ ನಾನು ವಾಪಸ್ ಕೇಳುವುದು ಒಂದೇ ಪ್ರಶ್ನೆ: ನೀವು ಹಿಡಿಯಬೇಕೆಂದಿರುವ ವಿಧಾನದಲ್ಲಿ ಯಾರು ಕಾಣದೆ ಹೋಗುತ್ತಾರೆ?

ಕಾಸರಗೋಡಿನಲ್ಲಿ ಈ ಪ್ರಶ್ನೆ ಸುಮ್ನೆ ಕೇಳುವಂಥದ್ದಲ್ಲ. ಇಲ್ಲಿ ಲೆಕ್ಕದಿಂದ ಜಾರಿ ಹೋಗುವುದು ಬಹಳ ಸುಲಭ. 2011ರ ಜನಗಣತಿಯನ್ನೇ ನೋಡಿ. ಒಬ್ಬರಿಗೆ ಒಂದು ಮಾತೃಭಾಷೆ, ಅದರ ಜೊತೆಗೆ ಗೊತ್ತಿರುವ ಬೇರೆ ಭಾಷೆ ಹೆಚ್ಚೆಂದರೆ ಎರಡು. ಅಷ್ಟಕ್ಕೇ ಜಾಗ. ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಲೇಜ್ ಆಫೀಸಿನಲ್ಲಿ ಮಲಯಾಳಂ, ಪೇಟೆಯಲ್ಲಿ ಬ್ಯಾರಿ, ನೆಂಟರ ಮನೆಯಲ್ಲಿ ಕೊಂಕಣಿ ಅಥವಾ ಮರಾಟಿ ಆಡುವವರು ಎಷ್ಟು ಮಂದಿ ಬೇಕು? ಅವರ ಅರ್ಧ ಬದುಕು ಕಾಲಂನ ಹೊರಗೇ ಉಳಿಯುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದದ್ದೂ ಭಾಷೆಯ ಲೆಕ್ಕ ಹಿಡಿದೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಅಂಥ ಲೆಕ್ಕವನ್ನು ನೋಡಿಯೇ. ಆ ಚರ್ಚೆಗೆ ಈಗ ಹೋಗುವುದಿಲ್ಲ, ಹೋದರೆ ಈ ಬರಹ ಮುಗಿಯುವುದಿಲ್ಲ. ಹೇಳಬೇಕಾದ್ದು ಇಷ್ಟೇ. ಕಾಲಂ ಹಾಕುವವರು ಯಾರು ಎಂಬುದು ಇಲ್ಲಿಯ ಜನರಿಗೆ ಮೆಥಡಾಲಜಿ ಕ್ಲಾಸಿಗೆ ಹೋಗದೆಯೂ ಗೊತ್ತು.

ಇನ್ನೊಂದು ಸಂಗತಿ. ಕಾಸರಗೋಡಿನ ಕೆಲವು ಊರುಗಳು ಸಂಶೋಧಕರನ್ನು ನೋಡಿ ನೋಡಿ ಸುಸ್ತಾಗಿವೆ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣೀನಗರ ಕಡೆ ಹೋದರೆ ಇದು ಅರ್ಥವಾಗುತ್ತದೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಊರಿನ ಮಕ್ಕಳಲ್ಲಿ ಒಂದೇ ತರಹದ ತೊಂದರೆಗಳು ಕಾಣುತ್ತಿವೆ ಎಂದು ಮೊದಲು ಗಮನಿಸಿದವರಲ್ಲಿ ವಾಣೀನಗರದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಒಬ್ಬರು. ಆಮೇಲೆ ಬಂದರು ನೋಡಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2001ರಲ್ಲಿ ರಕ್ತ, ನೀರು, ಮಣ್ಣಿನ ಮಾದರಿ ಪರೀಕ್ಷಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಸಮಿತಿಗಳು ಬಂದವು, ಒಂದಕ್ಕೊಂದು ತದ್ವಿರುದ್ಧ ವರದಿಗಳೂ ಬಂದವು. ಫೋಟೋದವರು, ಟೀವಿಯವರು, ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳು ಬಂದರು. ಒಂದೇ ತಾಯಿ ಅದೇ ಮಗುವಿನ ಕಥೆಯನ್ನು ಎಷ್ಟು ಸಲ ಹೇಳಬೇಕು?

ಅಂಥ ಮನೆಗೆ ನೀವು ನಲವತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಹೋದರೆ ಉತ್ತರ ಸಿಗುವುದಿಲ್ಲ ಅಂತಲ್ಲ, ಸಿಗುತ್ತದೆ. ಆದರೆ ಅದು ಹೇಳಿ ಹೇಳಿ ನುಣುಪಾದ ಉತ್ತರ. ಯಾವ ವಾಕ್ಯಕ್ಕೆ ಬಂದವರ ಕಣ್ಣು ತುಂಬುತ್ತದೆ, ಯಾವುದನ್ನು ಬರೆದುಕೊಳ್ಳುತ್ತಾರೆ ಎಂದು ಹೇಳುವವರಿಗೆ ಗೊತ್ತಾಗಿಬಿಟ್ಟಿರುತ್ತದೆ. ಇದರಲ್ಲಿ ಅವರ ತಪ್ಪೇನೂ ಇಲ್ಲ.

ಇಂಥ ಜಾಗಕ್ಕೆ ಒಪ್ಪುವ ವಿಧಾನವೆಂದು ನನಗೆ ಅನ್ನಿಸಿರುವುದು ಸಾಂಸ್ಥಿಕ ಜನಾಂಗ ಅಧ್ಯಯನ. ಕೆನಡಾದಲ್ಲಿ ಕೆಲಸ ಮಾಡಿದ ಡೊರೊತಿ ಸ್ಮಿತ್ ಇದನ್ನು ಬೆಳೆಸಿದರು. ಹೊಚ್ಚ ಹೊಸದೇನಲ್ಲ, ಆದರೆ ನಮ್ಮ ವಿಭಾಗಗಳಲ್ಲಿ ಇನ್ನೂ ಅಷ್ಟಾಗಿ ಬಳಕೆಗೆ ಬಂದಿಲ್ಲ. ಇದರ ದಾರಿ ಸರಳ. ಒಬ್ಬ ವ್ಯಕ್ತಿಯ ದಿನನಿತ್ಯದ ಒಂದು ತೊಂದರೆಯಿಂದ ಶುರು ಮಾಡಬೇಕು. ಅಲ್ಲಿಂದ ಕಾಗದದ ಹಿಂದೆ ಹೋಗಬೇಕು. ಯಾವ ಫಾರಂ, ಯಾರ ಸಹಿ, ಯಾವ ಆಫೀಸು, ಯಾವ ಸುತ್ತೋಲೆ. ಜನರನ್ನು ಅಧ್ಯಯನದ ವಸ್ತು ಮಾಡುವ ಬದಲು, ಜನರ ಬದುಕನ್ನು ಹಿಡಿದಿಟ್ಟಿರುವ ಕಾಗದಗಳ ಜಾಲವನ್ನು ಅಧ್ಯಯನ ಮಾಡುವುದು.

ಎಂಡೋಸಲ್ಫಾನ್ ವಿಷಯದಲ್ಲಿ ಇದು ಯಾಕೆ ಮುಖ್ಯ ಅಂದರೆ, ಇಲ್ಲಿ ಎಲ್ಲವೂ ಒಂದು ಪಟ್ಟಿಯ ಮೇಲೆ ನಿಂತಿದೆ. ವಿಶೇಷ ವೈದ್ಯಕೀಯ ಶಿಬಿರಗಳನ್ನು ನಡೆಸಿ ಸರಕಾರ ಸಂತ್ರಸ್ತರ ಪಟ್ಟಿ ಮಾಡಿತು. ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಎಂದಿತು. ಕೊಡುವುದು ತಡವಾಯಿತು ಎಂದು ಅದೇ ಕೋರ್ಟು 2022ರಲ್ಲಿ ಮತ್ತೆ ಗದರಿಸಬೇಕಾಯಿತು. ಪಟ್ಟಿಯಲ್ಲಿದ್ದರೆ ಪರಿಹಾರ, ಪಿಂಚಣಿ. ಇಲ್ಲದಿದ್ದರೆ ಇಲ್ಲ. ಹಾಗಾದರೆ ಹೆಸರು ಪಟ್ಟಿಗೆ ಹೇಗೆ ಬರುತ್ತದೆ? ಶಿಬಿರದ ಸುದ್ದಿ ಮನೆಗೆ ಯಾರು ಮುಟ್ಟಿಸಿದರು? ಅರ್ಜಿ ಯಾವ ಭಾಷೆಯಲ್ಲಿತ್ತು, ಅದನ್ನು ತುಂಬಿದವರು ಯಾರು? ಮನೆಯಲ್ಲಿ ತುಳು ಮಾತ್ರ ಆಡುವ ಅಜ್ಜಿ ಡಾಕ್ಟರ ಎದುರು ಕೂತಾಗ ನಡುವೆ ನಿಂತು ಹೇಳಿದವರು ಯಾರು? ಗೆರೆಯ ಆಚೆ ದಕ್ಷಿಣ ಕನ್ನಡದಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಇದೇ ಔಷಧ ಹೊಡೆದಿದ್ದರು. ಅಲ್ಲಿಯ ಪಟ್ಟಿ ಬೇರೆ, ಪರಿಹಾರದ ದಾರಿ ಬೇರೆ. ಮದುವೆಯಾಗಿ ಈಚೆಯಿಂದ ಆಚೆಗೆ ಹೋದವಳು, ಆಚೆಯಿಂದ ಈಚೆಗೆ ಬಂದವಳು ಯಾವ ಪಟ್ಟಿಗೆ ಸೇರುತ್ತಾಳೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನೊಂದವರ ಮನೆಗೆ ಮತ್ತೆ ಮತ್ತೆ ಹೋಗಬೇಕಾಗಿಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಟೈಪ್ ಮಾಡುವ ಹುಡುಗಿ, ವಿಲೇಜ್ ಆಫೀಸಿನ ಗುಮಾಸ್ತ, ಇವರ ಬಳಿ ಕೂತುಕೊಳ್ಳಬೇಕು. ಇವರನ್ನು ಇಷ್ಟರವರೆಗೆ ಯಾರೂ ಸರಿಯಾಗಿ ಕೇಳಿಲ್ಲ. ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಯಬಹುದು. ಕಷ್ಟ ಇಲ್ಲ ಅಂತಲ್ಲ. ಮಲಯಾಳಂ ಆಡಳಿತ ಭಾಷೆಯನ್ನು ಓದಲು ಕಲಿಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಅದಕ್ಕೆ ಹೆದರುತ್ತಾರೆ. ಹೆದರಬೇಡಿ, ನೀವು ಬಸ್ಸಿನ ಬೋರ್ಡ್ ಓದುತ್ತೀರಿ ಅಲ್ವಾ, ಅಲ್ಲಿಂದ ಶುರು ಮಾಡಿದರಾಯಿತು. ಈ ವಿಧಾನದ ಕುರುಡು ಜಾಗವೂ ಇದೆ. ಕಾಗದವೇ ಹುಟ್ಟದ ಕಡೆ ಇದು ನಿಂತುಬಿಡುತ್ತದೆ. ಅರ್ಜಿಯನ್ನೇ ಹಾಕದ ಮನೆ ಇದರಲ್ಲಿ ಸಿಗುವುದಿಲ್ಲ. ಆದಿವಾಸಿ ಕೊರಗರ ಕಾಲೊನಿಯಲ್ಲಿ ಅಂಥ ಮನೆ ಇರಬಹುದು ಎಂಬುದನ್ನು ಮರೆಯಬಾರದು.

ಫೋಟೋವಾಯ್ಸ್ ಬಗ್ಗೆ ಬಹಳ ಮಂದಿ ಕೇಳುತ್ತಾರೆ. 1990ರ ದಶಕದ ಆರಂಭದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಹಳ್ಳಿಯ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟರು. ನಿಮ್ಮ ಬದುಕಿನಲ್ಲಿ ಯಾವುದು ಮುಖ್ಯವೋ ಅದರ ಫೋಟೋ ತೆಗೆಯಿರಿ ಅಂದರು. ಆಮೇಲೆ ಎಲ್ಲರೂ ಕೂತು ಆ ಫೋಟೋಗಳ ಬಗ್ಗೆ ಮಾತಾಡಿದರು. ಕೊನೆಗೆ ಅವನ್ನು ಅಧಿಕಾರಿಗಳ ಮುಂದೆ ಇಟ್ಟರು. ಇದರಲ್ಲಿ ಮೂರನೇ ಹೆಜ್ಜೆಯೇ ಮುಖ್ಯ. ನಮ್ಮಲ್ಲಿ ಹೆಚ್ಚಿನವರು ಮೊದಲ ಹೆಜ್ಜೆ ಇಟ್ಟು, ಫೋಟೋ ತೆಗೆಸಿ, ಪ್ರಬಂಧಕ್ಕೆ ಅಂಟಿಸಿ ಮುಗಿಸುತ್ತಾರೆ. ಅದು ಫೋಟೋವಾಯ್ಸ್ ಅಲ್ಲ, ಪುಕ್ಕಟೆ ಫೋಟೋಗ್ರಫಿ.

ಎಂಡೋಸಲ್ಫಾನ್ ಎಂದರೆ ದೇಶಕ್ಕೆಲ್ಲ ನೆನಪಾಗುವ ಚಿತ್ರ ಯಾವುದು ಎಂದು ನಿಮಗೆ ಗೊತ್ತು. ಮಕ್ಕಳ ದೇಹ. ಹೊರಗಿನಿಂದ ಬಂದವರು ತೆಗೆದದ್ದು. ಆ ಚಿತ್ರಗಳಿಲ್ಲದಿದ್ದರೆ 2011ರಲ್ಲಿ ಸುಪ್ರೀಂ ಕೋರ್ಟಿನ ನಿಷೇಧವಾಗಲಿ ಅದೇ ವರ್ಷ ಇಂಥ ವಿಷಗಳನ್ನು ಜಗತ್ತಿನಾದ್ಯಂತ ನಿಲ್ಲಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಈ ವಿಷ ಸೇರುವುದಾಗಲಿ ಅಷ್ಟು ಬೇಗ ಆಗುತ್ತಿರಲಿಲ್ಲವೇನೋ. ಒಪ್ಪುತ್ತೇನೆ. ಆದರೂ ಕ್ಯಾಮೆರಾ ಆ ತಾಯಂದಿರ ಕೈಯಲ್ಲೇ ಇದ್ದಿದ್ದರೆ ಏನು ತೆಗೆಯುತ್ತಿದ್ದರು? ಮಗುವನ್ನು ಎತ್ತಿಕೊಂಡು ಇಳಿಯಬೇಕಾದ ಮೆಟ್ಟಿಲು ಇರಬಹುದು. ಮೈಲಿಗಟ್ಟಲೆ ನಡೆದು ಹಿಡಿಯಬೇಕಾದ ಬಸ್ಸಿನ ನಿಲ್ದಾಣ ಇರಬಹುದು. ಶಾಲೆಗೆ ಹೋಗುವ ಇನ್ನೊಂದು ಮಗು, ಯಾರೂ ಫೋಟೋ ತೆಗೆಯದ ಮಗು ಇರಬಹುದು. ಈ ಕೆಲಸವನ್ನು ಇಲ್ಲಿ ಯಾರಾದರೂ ಮೂರೂ ಹೆಜ್ಜೆ ಇಟ್ಟು ಮಾಡಬೇಕೆಂದು ನನಗೆ ಆಸೆ. ಪಂಚಾಯತ್ ಮೀಟಿಂಗಿನಲ್ಲಿ ಆ ಫೋಟೋಗಳನ್ನು ಇಡಬೇಕು, ವಿಶ್ವವಿದ್ಯಾಲಯದ ಸೆಮಿನಾರ್ ಹಾಲಿನಲ್ಲಿ ಆಮೇಲೆ. ಇಲ್ಲಿ ಕಾಣದೆ ಹೋಗುವವರು ಯಾರು? ಮೊಬೈಲ್ ಗಂಡನ ಜೇಬಿನಲ್ಲಿರುವವರು. ಅವರಿಗೆ ಬೇರೆ ಕ್ಯಾಮೆರಾ ಕೊಡುವ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಹಾಕಿಕೊಳ್ಳಿ.

ನಡೆಯುತ್ತಾ ಮಾತಾಡುವ ವಿಧಾನಕ್ಕೆ ಮಾರ್ಗರೆಟ್ ಕುಸೆನ್‌ಬಾಖ್ 2003ರಲ್ಲಿ ಬರೆದ ಲೇಖನದಿಂದ ಒಂದು ಹೆಸರು, ಒಂದು ಶಿಸ್ತು ಬಂತು. ಅವರು ಮಾಡಿದ್ದು ಲಾಸ್ ಏಂಜಲೀಸಿನ ಬೀದಿಗಳಲ್ಲಿ. ನಮಗೆ ಗುಡ್ಡ, ತೋಟ, ಸುರಂಗ ಇದೆ. ಕಾಸರಗೋಡಿನ ಸುರಂಗ ಗೊತ್ತಿಲ್ಲದವರಿಗೆ ಹೇಳಬೇಕು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಮನುಷ್ಯ ನಡೆಯುವಷ್ಟು ಎತ್ತರಕ್ಕೆ, ನೀರು ಸಿಗುವ ತನಕ ಕೊರೆಯುತ್ತಾರೆ. ಪಂಪ್ ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಜಗಲಿಯಲ್ಲಿ ಕೂತು ಯಜಮಾನರನ್ನು ಕೇಳಿದರೆ 'ನಮ್ಮ ಅಜ್ಜನ ಕಾಲದಲ್ಲಿ ಕೊರೆಸಿದ್ದು' ಅನ್ನುತ್ತಾರೆ. ಕೊರೆದವರು ಯಾರು ಎಂಬುದು ಆ ವಾಕ್ಯದಲ್ಲಿ ಇಲ್ಲ. ಅದೇ ಯಜಮಾನರ ಜೊತೆ ಸುರಂಗದ ಬಾಯಿಯ ತನಕ ನಡೆಯಿರಿ. ನೀರು ಯಾವ ತೋಟಕ್ಕೆ ಮೊದಲು ಹೋಗುತ್ತದೆ, ಎಲ್ಲಿ ಪೈಪು ತಿರುಗುತ್ತದೆ, ಯಾವ ಮನೆಯವರು ಕೊಡ ಹಿಡಿದು ಎಲ್ಲಿ ನಿಲ್ಲುತ್ತಾರೆ, ಯಾವ ಜಗಳದಿಂದ ಆ ಗೋಡೆ ಎದ್ದಿತು, ಎಲ್ಲ ಒಂದೊಂದಾಗಿ ಹೊರಗೆ ಬರುತ್ತದೆ. ನೀವು ಕೇಳಿಯೇ ಇರುವುದಿಲ್ಲ, ದಾರಿಯೇ ಕೇಳಿಸುತ್ತದೆ. ಆಮೇಲೆ ಅದೇ ದಾರಿಯಲ್ಲಿ ಸುರಂಗ ಕೊರೆಯುವ ಕೆಲಸದವರ ಜೊತೆ ಇನ್ನೊಮ್ಮೆ ನಡೆಯಬೇಕು. ಎರಡು ನಡಿಗೆಯ ಎರಡು ನಕ್ಷೆ ಒಂದರ ಪಕ್ಕ ಒಂದು ಇಟ್ಟರೆ ಅದೇ ಒಂದು ಅಧ್ಯಾಯ. ನಡೆಯಲಾಗದವರು ಈ ವಿಧಾನದಿಂದ ಹೊರಗೆ ಉಳಿಯುತ್ತಾರೆ, ಮತ್ತು ನಮ್ಮ ಜಿಲ್ಲೆಯಲ್ಲಿ ಅದು ಸಣ್ಣ ಮಾತಲ್ಲ.

ಇನ್ನು ಫೋನಿನೊಳಗಿನ ಲೋಕ. ಕಾಸರಗೋಡಿನ ಯಾವ ಮನೆಯ ಕಥೆಯೂ ಕಾಸರಗೋಡಿನಲ್ಲೇ ಮುಗಿಯುವುದಿಲ್ಲ. ಒಂದು ತುದಿ ದುಬೈಯಲ್ಲೋ ದೋಹಾದಲ್ಲೋ ಇರುತ್ತದೆ, ಇನ್ನೊಂದು ಮಂಗಳೂರಿನ ಆಸ್ಪತ್ರೆಯಲ್ಲಿ. ಮಾನವಶಾಸ್ತ್ರಜ್ಞ ಜಾರ್ಜ್ ಮಾರ್ಕಸ್ 1995ರಲ್ಲೇ ಹೇಳಿದ್ದರು. ಒಂದು ಊರಿನಲ್ಲಿ ಬೇರೂರಿ ಕೂರುವ ಬದಲು ಜನರ ಹಿಂದೆ, ವಸ್ತುವಿನ ಹಿಂದೆ, ಜಗಳದ ಹಿಂದೆ ಹೋಗಿ ಎಂದು. ಈಗ ಹಿಂಬಾಲಿಸಲು ವಿಮಾನ ಟಿಕೆಟ್ ಬೇಡ, ಕುಟುಂಬದ ವಾಟ್ಸ್‌ಆ್ಯಪ್ ಗುಂಪು ಸಾಕು ಎಂದು ಸಂಶೋಧಕರಿಗೆ ಅನ್ನಿಸುತ್ತದೆ. ಸಾಕಾಗುತ್ತದಾ? ಗುಂಪಿನಲ್ಲಿ ಮಾತಾಡುವವರು ನಾಲ್ಕು ಜನ ಗಂಡಸರು. ಹೆಂಗಸರ ಮಾತು ವಾಯ್ಸ್ ಮೆಸೇಜಿನಲ್ಲಿ, ಒಬ್ಬರಿಂದ ಒಬ್ಬರಿಗೆ ನೇರ ಹೋಗುತ್ತದೆ. ಅದು ನಿಮಗೆ ಕಾಣುವುದಿಲ್ಲ, ಕಾಣಲೂ ಬಾರದು. ಇಡೀ ಗುಂಪಿನ ಒಪ್ಪಿಗೆ ಎಂದರೆ ಅಡ್ಮಿನ್ ಒಪ್ಪಿಗೆ ಅಲ್ಲ ಎಂಬುದನ್ನೂ ಯಾರಾದರೂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಹಾಕಬೇಕು.

ಕೊರೊನಾ ಬಂತೆಂದು 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ತಲಪಾಡಿಯ ಈಚೆಗೆ ಇದ್ದವರಿಗೆ ಮಂಗಳೂರಿನ ಆಸ್ಪತ್ರೆ ಇದ್ದಕ್ಕಿದ್ದಂತೆ ಬೇರೆ ದೇಶವಾಯಿತು. ಸಮಯಕ್ಕೆ ಚಿಕಿತ್ಸೆ ಸಿಗದೆ ಸತ್ತವರಿದ್ದಾರೆ. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ತನಕ ವಿಷಯ ಹೋಯಿತು. ಆಗ ಜಗತ್ತಿನಾದ್ಯಂತ ಸಮಾಜಶಾಸ್ತ್ರದವರು ಮನೆಯಲ್ಲೇ ಕೂತು ಫೀಲ್ಡ್ ವರ್ಕ್ ಮಾಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದರು. ಸಮಾಜಶಾಸ್ತ್ರಜ್ಞೆ ಡೆಬೊರಾ ಲಪ್ಟನ್ ಎಲ್ಲರಿಂದ ಸಲಹೆಗಳನ್ನು ಒಟ್ಟು ಮಾಡಿ ಒಂದು ದಾಖಲೆ ತಯಾರಿಸಿ ಹಂಚಿದರು. ಅದೇ ವರ್ಷ ಗೊಕ್ಚೆ ಗ್ಯುನೆಲ್, ಸೈಬಾ ವರ್ಮಾ, ಚಿಕಾ ವಟನಬೆ ಸೇರಿ ತೇಪೆ ಜನಾಂಗ ಅಧ್ಯಯನ ಎಂಬ ಮಾತನ್ನು ಮುಂದಿಟ್ಟರು. ವರ್ಷಗಟ್ಟಲೆ ಹಳ್ಳಿಯಲ್ಲಿ ಇರಲು ಆಗದವರು ಚಿಕ್ಕ ಚಿಕ್ಕ ಭೇಟಿಗಳನ್ನು, ಫೋನನ್ನು, ದಾಖಲೆಗಳನ್ನು ಜೋಡಿಸಿ ಗಟ್ಟಿ ಕೆಲಸ ಮಾಡಬಹುದು, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ ಎಂದು.

ನನಗೆ ಬಹಳ ಹಿಡಿಸಿದ್ದು ಇದು. ನಮ್ಮ ಕಡೆ ಪಿಎಚ್‌ಡಿ ಮಾಡುವವರಲ್ಲಿ ಹೈಸ್ಕೂಲ್ ಟೀಚರುಗಳಿದ್ದಾರೆ, ಗೆಸ್ಟ್ ಲೆಕ್ಚರರುಗಳಿದ್ದಾರೆ, ಎರಡು ಮಕ್ಕಳ ತಾಯಂದಿರಿದ್ದಾರೆ. 2022ರ ಯುಜಿಸಿ ನಿಯಮದಲ್ಲಿ ಪಾರ್ಟ್ ಟೈಮ್ ಪಿಎಚ್‌ಡಿಗೆ ಅವಕಾಶ ಇದೆ. ಆದರೆ ವಿಧಾನದ ಅಧ್ಯಾಯ ಬರೆಯುವಾಗ ಎಲ್ಲರೂ ಹಳ್ಳಿಯಲ್ಲಿ ತಪಸ್ಸು ಮಾಡಿದವರ ಹಾಗೆ ಬರೆಯುತ್ತಾರೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋಗಿದ್ದೆ, ಮಗುವಿಗೆ ಜ್ವರ ಬಂದ ತಿಂಗಳು ಹೋಗಲಿಲ್ಲ, ಫೋನಿನಲ್ಲಿ ಮಾತಾಡಿದೆ ಎಂದು ಬರೆದರೆ ಏನಾಗುತ್ತದೆ? ಓದುವವರಿಗೆ ನಿಮ್ಮ ಮಾಹಿತಿ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂದು ಗೊತ್ತಾಗುತ್ತದೆ. ಫೋನ್ ಸಂದರ್ಶನವಾದರೆ ಸ್ಪೀಕರ್ ಹಾಕಿತ್ತಾ, ಪಕ್ಕದಲ್ಲಿ ಯಾರಿದ್ದರು ಎಂಬುದನ್ನೂ ಬರೆಯಿರಿ.

ಕಂಪ್ಯೂಟರ್ ವಿಧಾನಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮರುಳಾಗುವುದು ಇಲ್ಲೇ ಜಾಸ್ತಿ. ಟಾಪಿಕ್ ಮಾಡೆಲಿಂಗ್‌ನಲ್ಲಿ ಜನಪ್ರಿಯವಾದ ಎಲ್‌ಡಿಎ ಎಂಬ ತಂತ್ರವನ್ನು ಬ್ಲೈ, ಎಂಗ್, ಜೋರ್ಡನ್ 2003ರಲ್ಲಿ ಕೊಟ್ಟರು. ಯಾವ ಪದಗಳು ಒಟ್ಟೊಟ್ಟಿಗೆ ಬರುತ್ತವೆ ಎಂದು ಲೆಕ್ಕ ಹಾಕಿ, ಸಾವಿರಾರು ಬರಹಗಳಲ್ಲಿ ಯಾವ ಯಾವ ವಿಷಯಗಳಿವೆ ಎಂದು ಅಂದಾಜು ಮಾಡುತ್ತದೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಓಡುತ್ತದೆ. ಕನ್ನಡಕ್ಕೆ ಹಾಕಿದರೆ ಮೊದಲ ದಿನವೇ ಎಡವುತ್ತದೆ. ಮನೆ, ಮನೆಗೆ, ಮನೆಯಲ್ಲಿ, ಮನೆಯವರಿಂದಲೂ, ಇವೆಲ್ಲ ಅದಕ್ಕೆ ಬೇರೆ ಬೇರೆ ಪದ. ಪ್ರತ್ಯಯ ಬಿಡಿಸದೆ ಎಣಿಸಿದರೆ ಬರುವುದು ಗೋಜಲು. ಅದನ್ನು ಸರಿಪಡಿಸಬಹುದು, ಉಪಕರಣಗಳಿವೆ. ಸರಿಪಡಿಸಲಾಗದ್ದು ಇನ್ನೊಂದಿದೆ. ನಮ್ಮ ಹುಡುಗರು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಕನ್ನಡ ಅಕ್ಷರದಲ್ಲಿ ತುಳು, ನಡುವೆ ಒಂದು ಮಲಯಾಳಂ ಬೈಗುಳ. ಭಾಷೆಯ ಪ್ರಕಾರ ಸೋಸಿ ಸ್ವಚ್ಛ ಮಾಡಿದ ಡೇಟಾದಲ್ಲಿ ಮೊದಲು ಹೊರಗೆ ಹೋಗುವುದು ಈ ಕಲಬೆರಕೆ ಮಾತು. ಅಂದರೆ ಕಾಸರಗೋಡೇ ಹೊರಗೆ ಹೋಗುತ್ತದೆ. ಉಳಿಯುವುದು ಪತ್ರಿಕೆಯ ಕನ್ನಡ.

ಲಾರಾ ನೆಲ್ಸನ್ 2020ರಲ್ಲಿ ಪ್ರಕಟಿಸಿದ ಗಣಕೀಯ ನೆಲಮೂಲ ಸಿದ್ಧಾಂತ ನನಗೆ ಇದಕ್ಕಿಂತ ಒಪ್ಪಿಗೆ. ಗ್ಲೇಸರ್ ಮತ್ತು ಸ್ಟ್ರಾಸ್ 1967ರಲ್ಲಿ ಹಾಕಿಕೊಟ್ಟ ನೆಲಮೂಲ ಸಿದ್ಧಾಂತಕ್ಕೆ (ಸಿಕ್ಕಿದ ಮಾಹಿತಿಯಿಂದಲೇ ಸಿದ್ಧಾಂತ ಕಟ್ಟುವ ದಾರಿ ಅದು) ಅವರು ಕಂಪ್ಯೂಟರನ್ನು ಜೋಡಿಸಿದರು. ಮೊದಲು ಯಂತ್ರ ಮಾದರಿಗಳನ್ನು ತೋರಿಸಲಿ. ಆಮೇಲೆ ಮನುಷ್ಯ ಕೂತು ಆ ಬರಹಗಳನ್ನು ಆಳವಾಗಿ ಓದಲಿ. ಕೊನೆಗೆ ಓದಿ ಕಂಡದ್ದು ಇಡೀ ರಾಶಿಗೆ ನಿಲ್ಲುತ್ತದಾ ಎಂದು ಮತ್ತೆ ಯಂತ್ರದಿಂದ ಪರೀಕ್ಷಿಸಲಿ. ನಡುವಿನ ಓದು ಬಿಟ್ಟರೆ ಉಳಿದದ್ದು ಬರೇ ಬಣ್ಣದ ಚಾರ್ಟ್. ಇನ್ನೊಂದು ಎಚ್ಚರಿಕೆ. ಕಂಪನಿಯ ಡೇಟಾ ನಂಬಿ ಸಿನಾಪ್ಸಿಸ್ ಬರೆಯಬೇಡಿ. 2018ರಲ್ಲಿ ಬಳಕೆದಾರರ ಮಾಹಿತಿ ಸೋರಿದ ಕೇಂಬ್ರಿಡ್ಜ್ ಅನಲಿಟಿಕಾ ಗಲಾಟೆಯ ನಂತರ ಫೇಸ್‌ಬುಕ್ ಸಂಶೋಧಕರಿಗೆ ಡೇಟಾ ಕೊಡುವ ಬಾಗಿಲು ಮುಚ್ಚಿತು. 2023ರಲ್ಲಿ ಟ್ವಿಟರ್ ಪುಕ್ಕಟೆ ಕೊಡುವುದನ್ನು ನಿಲ್ಲಿಸಿತು. ಎಷ್ಟೋ ಪಿಎಚ್‌ಡಿಗಳು ಅರ್ಧ ದಾರಿಯಲ್ಲಿ ವಿಷಯ ಬದಲಿಸಬೇಕಾಯಿತು.

ಸಂದರ್ಶನವನ್ನು ಅಕ್ಷರಕ್ಕೆ ಇಳಿಸುವ ಯಂತ್ರಗಳದ್ದು ಇದಕ್ಕಿಂತ ನಾಜೂಕಿನ ವಿಷಯ. ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ವಿಸ್ಪರ್ ಬಿಡುಗಡೆ ಮಾಡಿತು. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಮಲಯಾಳಂ ಇದೆ. ತುಳು ಇಲ್ಲ, ಬ್ಯಾರಿ ಇಲ್ಲ, ಕೊಂಕಣಿ ಇಲ್ಲ. ಗೂಗಲ್ ಅನುವಾದಕ್ಕೆ ತುಳು ಸೇರಿದ್ದು 2024ರಲ್ಲಿ, ಅದೂ ಬರಹಕ್ಕೆ. ಈಗ ಒಂದು ಸಂದರ್ಶನ ಊಹಿಸಿಕೊಳ್ಳಿ. ನೀವು ಕನ್ನಡದಲ್ಲಿ ಕೇಳುತ್ತೀರಿ. ಮನೆಯಾಕೆ ಕನ್ನಡದಲ್ಲೇ ಉತ್ತರ ಕೊಡುತ್ತಾಳೆ, 'ಪಿಂಚಣಿ ಸರಿಯಾಗಿ ಬರುತ್ತದೆ' ಎಂದು. ಒಳಗಿನಿಂದ ಅತ್ತೆ ತುಳುವಿನಲ್ಲಿ ಏನೋ ಗೊಣಗುತ್ತಾರೆ. ಈಕೆ ತಿರುಗಿ ತುಳುವಿನಲ್ಲೇ ಒಂದು ಮಾತು ಹೇಳಿ ಸುಮ್ಮನಾಗಿಸುತ್ತಾಳೆ. ನಿಮ್ಮ ನಿಜವಾದ ಉತ್ತರ ಇರುವುದು ಆ ಗೊಣಗಾಟದಲ್ಲಿ. ಯಂತ್ರ ಅದನ್ನು ಗದ್ದಲ ಎಂದು ಬಿಟ್ಟುಬಿಡಬಹುದು. ಇಲ್ಲವೇ ಕನ್ನಡದ ಹಾಗೆ ಕಾಣುವ ಅರ್ಥವಿಲ್ಲದ ಸಾಲು ಮಾಡಿಬಿಡಬಹುದು. ಎರಡನೆಯದು ಜಾಸ್ತಿ ಅಪಾಯ, ಯಾಕೆಂದರೆ ಓದುವಾಗ ಅನುಮಾನವೇ ಬರುವುದಿಲ್ಲ.

ಇದು ನನ್ನ ಗುಮಾನಿ ಮಾತ್ರ ಅಲ್ಲ. ವಿಸ್ಪರ್ ಯಾರೂ ಆಡದ ವಾಕ್ಯಗಳನ್ನು ತಾನೇ ಸೇರಿಸುತ್ತದೆ ಎಂದು 2024ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಅವರು ಪರೀಕ್ಷಿಸಿದ ತುಣುಕುಗಳಲ್ಲಿ ಸುಮಾರು ಶೇಕಡಾ 1ರಲ್ಲಿ ಹೀಗಾಗಿತ್ತು. ಮಾತಿನ ತೊಂದರೆ ಇರುವವರ ದನಿಯಲ್ಲಿ, ಮಾತಿನ ನಡುವೆ ದೀರ್ಘ ಮೌನ ಇರುವ ಕಡೆ, ಇದು ಹೆಚ್ಚು. ಮೌನಕ್ಕೆ ಯಂತ್ರ ತನ್ನದೇ ಮಾತು ತುಂಬುತ್ತದೆ. ಎಣ್ಮಕಜೆಯಲ್ಲೋ ಬೆಳ್ಳೂರಿನಲ್ಲೋ ಮಾತು ಕಷ್ಟವಾದ ಒಬ್ಬ ಯುವಕನ ದನಿಯನ್ನು ರೆಕಾರ್ಡ್ ಮಾಡಿ ಅದಕ್ಕೆ ಕೊಟ್ಟರೆ ಏನಾಗಬಹುದು, ಯೋಚಿಸಿ. ಅವನು ಆಡದ ಮಾತು ಉದ್ಧರಣ ಚಿಹ್ನೆಯೊಳಗೆ ನಿಮ್ಮ ಪ್ರಬಂಧದಲ್ಲಿ ಕೂರುತ್ತದೆ.

ಹಾಗಂತ ಬಳಸಲೇಬೇಡಿ ಎನ್ನುವುದಿಲ್ಲ. ಒಂದು ಗಂಟೆಯ ಮಾತನ್ನು ಕೈಯಲ್ಲಿ ಬರೆಯುವ ಕಷ್ಟ ಮಾಡಿದವರಿಗೇ ಗೊತ್ತು. ಒಂದೇ ಭಾಷೆಯಲ್ಲಿ, ಗದ್ದಲ ಇಲ್ಲದ ಕಡೆ ಮಾಡಿದ ಸಂದರ್ಶನವಾದರೆ ಕರಡು ಪ್ರತಿಗೆ ಬಳಸಿ, ಆಡಿಯೊ ಕೇಳಿ ತಿದ್ದಿ. ಮೂರು ಭಾಷೆಯ ಮನೆಯಾದರೆ ಕೈಯಲ್ಲೇ ಬರೆಯಿರಿ. ಯಾವ ಸಾಲು ಯಾವ ಭಾಷೆಯಲ್ಲಿ, ಯಾರ ಕಡೆ ತಿರುಗಿ ಹೇಳಿದ್ದು ಎಂದು ಗುರುತು ಹಾಕಿ. ನನ್ನ ಪ್ರಕಾರ ಈ ಜಿಲ್ಲೆಯಲ್ಲಿ ವಿಶ್ಲೇಷಣೆ ಶುರುವಾಗುವುದೇ ಆ ಗುರುತು ಹಾಕುವಲ್ಲಿ. ಎಐಯಿಂದ ಕೋಡಿಂಗ್ ಮಾಡಿಸುವವರು ಕೆಲವು ಸಂದರ್ಶನಗಳನ್ನಾದರೂ ತಾವೇ ಮೊದಲು ಕೋಡ್ ಮಾಡಿ ಹೋಲಿಸಲಿ. ಯಾವ ಮಾಡೆಲ್, ಯಾವ ತಿಂಗಳು, ಏನು ಕೇಳಿದೆ ಎಂದು ಬರೆದಿಡಲಿ. ಮುಂದಿನ ವರ್ಷ ಆ ಮಾಡೆಲ್ಲೇ ಇರುವುದಿಲ್ಲ, ವೈವಾದಲ್ಲಿ ಕೇಳಿದರೆ ಏನು ಹೇಳುತ್ತೀರಿ?

ಮುರಕಲ್ಲಿನ ಕೋರೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವ ಬಂಗಾಳ, ಅಸ್ಸಾಮಿನ ಕೆಲಸಗಾರರ ಬಗ್ಗೆ ಮಾಡುವವರಿಗೆ ಡಗ್ಲಾಸ್ ಹೆಕಥಾರ್ನ್ 1997ರಲ್ಲಿ ರೂಪಿಸಿದ ಕೂಪನ್ ವಿಧಾನ ನೋಡಲು ಹೇಳುತ್ತೇನೆ. ಒಬ್ಬರಿಗೆ ಕೆಲವೇ ಕೂಪನ್ ಕೊಟ್ಟು, ಅವರ ಪರಿಚಯದವರನ್ನು ಕರೆತರಲು ಹೇಳುವುದು, ಯಾರು ಯಾರನ್ನು ಕರೆತಂದರು ಎಂದು ಲೆಕ್ಕ ಇಟ್ಟು, ಆಮೇಲೆ ಅಂಕಿಅಂಶದಲ್ಲಿ ಯಾರ ಉತ್ತರಕ್ಕೆ ಎಷ್ಟು ತೂಕ ಎಂದು ಸರಿಪಡಿಸುವುದು. ಮತದಾರರ ಪಟ್ಟಿಯಲ್ಲಿ ಇಲ್ಲದವರನ್ನು ಮುಟ್ಟಲು ಒಳ್ಳೆಯ ದಾರಿ. ಯಾರ ಪರಿಚಯವೂ ಇಲ್ಲದ ಒಂಟಿ ಕೆಲಸಗಾರ ಮಾತ್ರ ಇದರಲ್ಲೂ ಸಿಗುವುದಿಲ್ಲ.

ಕೊನೆಗೆ, ಯಾರೂ ಕೇಳದ ಆದರೆ ನಾನಾಗಿ ಹೇಳುವ ವಿಷಯ. ರೆಕಾರ್ಡಿಂಗ್ ಎಲ್ಲ ಎಲ್ಲಿ ಇಡುತ್ತೀರಿ? ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರಿನ ಹತ್ತಿರದ ಹಳ್ಳಿಯಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದಿಂದ ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳು 1970ರ ಏಪ್ರಿಲಿನಲ್ಲಿ ಸ್ಟ್ಯಾನ್‌ಫೋರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಸುಟ್ಟುಹೋದವು. ನೆನಪಿನಿಂದಲೇ ಅವರು ಪುಸ್ತಕ ಬರೆದರು. ನಮ್ಮ ಕಾಲದ ಭಯ ಉಲ್ಟಾ. ಈಗ ಏನೂ ಸುಡುವುದಿಲ್ಲ. ಪಿಎಚ್‌ಡಿ ಮುಗಿದು ಎಷ್ಟೋ ವರ್ಷವಾದ ಮೇಲೂ ಆ ತಾಯಿಯ ದನಿ ಯಾವುದೋ ಹಳೆ ಇಮೇಲಿನಲ್ಲಿ, ಗೆಳೆಯನಿಗೆ ಕೊಟ್ಟ ಪೆನ್‌ಡ್ರೈವಿನಲ್ಲಿ, ಅಕ್ಷರಕ್ಕೆ ಇಳಿಸಲೆಂದು ಹಾಕಿದ ಯಾವುದೋ ವಿದೇಶಿ ಸರ್ವರಿನಲ್ಲಿ ಇರುತ್ತದೆ.

2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ. ಒಬ್ಬ ವ್ಯಕ್ತಿಯ ಬಗ್ಗೆ ನಿರ್ದಿಷ್ಟ ತೀರ್ಮಾನ ತೆಗೆದುಕೊಳ್ಳಲು ಬಳಸದಿದ್ದರೆ, ಸರಕಾರ ಹೇಳಿದ ಮಾನದಂಡ ಪಾಲಿಸಿದರೆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿದೆ. ವಕೀಲರಿಗೆ ಇಷ್ಟು ಸಾಕು. ಪಟ್ಟಿಯಲ್ಲಿ ಹೆಸರು ಉಳಿಯುವುದೇ ಬದುಕಾಗಿರುವ ಮನೆಗೆ ಇದು ಸಾಲದು. ಇಂಥವರಿಗೆ ಈ ಸೌಲಭ್ಯ ಸಿಗಬಾರದಿತ್ತು ಎಂದು ನಿಮ್ಮ ರೆಕಾರ್ಡಿಂಗಿನಲ್ಲಿ ನೆರೆಮನೆಯವರು ಹೇಳಿದ್ದರೆ ಆ ಫೈಲ್ ಯಾರ ಕೈಗೆ ಸಿಕ್ಕೀತು? ಆದ್ದರಿಂದ ಒಪ್ಪಿಗೆ ಪತ್ರದಲ್ಲಿ ಮೂರು ಸಾಲು ಸೇರಿಸಿ, ಅವರು ಮನೆಯಲ್ಲಿ ಆಡುವ ಭಾಷೆಯಲ್ಲೇ ಓದಿ ಹೇಳಿ. ಈ ದನಿ ಎಲ್ಲಿ ಇರುತ್ತದೆ, ಯಾವ ವರ್ಷ ಅಳಿಸುತ್ತೇನೆ, ಮಧ್ಯದಲ್ಲಿ ಬೇಡ ಅನ್ನಿಸಿದರೆ ಯಾರಿಗೆ ಫೋನ್ ಮಾಡಬೇಕು. ಓದಿ ಹೇಳಿದ್ದನ್ನೂ ರೆಕಾರ್ಡ್ ಮಾಡಿಕೊಳ್ಳಿ, ಸಹಿ ಹಾಕಲು ಬಾರದವರಿಗೆ ಅದೇ ಒಪ್ಪಿಗೆ. ವಿಶ್ವವಿದ್ಯಾಲಯದ ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲದಿದ್ದರೆ ಅನುಬಂಧ ಅಂತ ಬೇರೆ ಹಾಳೆ ಹಚ್ಚಿ ಕೊಡಿ.